ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಯಾವುದಾದರೊಂದು ಕೆಲಸ ತಡವಾಯಿತೆಂದರೆ ನಮ್ಮ ಮನಸ್ಸು ಮೊದಲು ತೊಡಗುವುದು ತಪ್ಪಿತಸ್ಥನ ಹುಡುಕಾಟದಲ್ಲಿ. ಈ ಹುಡುಕಾಟಕ್ಕೆ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ; ಯಾರು ಕಣ್ಣೆದುರಿಗೆ ಸಿಕ್ಕುತ್ತಾರೋ ಅವರೇ ತಪ್ಪಿತಸ್ಥರು. ಬೆಳಗಿನ ಗದ್ದಲದ ಹೊತ್ತಿನಲ್ಲಿ ಲೋಕಲ್ ಗಾಡಿ ಕುರ್ಲಾ ದಾಟಿ ನಿಂತುಬಿಟ್ಟಿತೆನ್ನಿ, ಡಬ್ಬಿಯಲ್ಲಿ ಜೋತುಬಿದ್ದ ನಾವೆಲ್ಲ ಒಕ್ಕೊರಲಿನಿಂದ ಬಯ್ಯುವುದು ಗಾಡಿ ಓಡಿಸುವ ಮೋಟರ್‌ಮನ್ನನ್ನು. ಪಾಪ, ಆತನ ಎದುರಿಗೆ ಕೆಂಪು ದೀಪವಿದೆ. ಆ ದೀಪ ಕೆಂಪಾಗಿರುವುದು ಮುಂದೆ ಇನ್ನೊಂದು ಗಾಡಿ ನಿಂತಿರುವುದರಿಂದ. ಆ ಗಾಡಿ ನಿಂತಿರುವುದು ಅದರ ಮುಂದಿನದು ನಿಂತಿರುವುದರಿಂದ. ನಾಲ್ಕು ನಿಲ್ದಾಣದಾಚೆ ಎಲ್ಲಿಯೋ ಹಳಿಯ ಒಂದು ಕೂಡಿಕೆ ಸರಿಯಾಗಿ ಕೂಡಿಲ್ಲ. ಅದು ನಮಗೆ ಕಾಣುವುದಿಲ್ಲ. ಕಾಣದುದನ್ನು ಬಯ್ದರೆ ಬಾಯಿಚಪಲವೂ ತೀರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ತಡಕ್ಕೆ ನಿಜವಾದ ಹೊಣೆ ಯಾರದು? ಹೆಚ್ಚು ಹೊತ್ತು ತೆಗೆದುಕೊಂಡವನದೇ? ಅವನನ್ನು ಕಾಯಿಸಿದವನದೇ? ಅಥವಾ, ಕಾಯಿಸಿದವನಿಗಾಗಿ ಮಿತಿಯಿಲ್ಲದೆ ಕಾದು, ತನ್ನ ಹಿಂದಿದ್ದವರನ್ನೆಲ್ಲ ಕಾಯುವಂತೆ ಮಾಡಿದವನದೇ? ನಾನು ಬಿ.ಎಸ್ಸಿ. ಓದಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವವನು. ತತ್ತ್ವಶಾಸ್ತ್ರ ನನ್ನ ವಿಷಯವಲ್ಲ. ಆದರೆ ತಡವೆಂಬುದರ ಜತೆ ನನಗೆ ನಿತ್ಯದ ಒಡನಾಟವಿರುವುದರಿಂದ ಈ ಪ್ರಶ್ನೆಯನ್ನು ಕೇಳುವ ಅಧಿಕಾರ ಸ್ವಲ್ಪಮಟ್ಟಿಗೆ ಇದೆಯೆಂದು ಭಾವಿಸಿದ್ದೇನೆ. ಇದಕ್ಕೆ ಸ್ಪಷ್ಟವಾದ ಉತ್ತರದ ಎಳೆಯೊಂದು ನನಗೆ ಸಿಕ್ಕಿದ್ದು ಧರ್ಮಗ್ರಂಥದಲ್ಲಲ್ಲ, ಮನೆಮನೆಯ ಮೂಲೆಯಲ್ಲಿ ಕುಳಿತಿರುವ ಗಣಕಯಂತ್ರದಲ್ಲಿ.

ಗಣಕಯಂತ್ರ ಎದ್ದು ಕೂರಲು ತಡಮಾಡುವುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಗುಂಡಿ ಒತ್ತಿ, ಸ್ನಾನ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. "ಹಳೆಯದಾಯಿತು, ಹೊಸದು ತರಬೇಕು" ಎನ್ನುತ್ತಾನೆ ಮಗ. "ಏನೇನೋ ತುಂಬಿಸಿಟ್ಟಿದ್ದೀಯ, ಅದಕ್ಕೇ ಹೀಗೆ" ಎನ್ನುತ್ತಾರೆ ಅಪ್ಪ. ಎರಡೂ ಕೆಲವೊಮ್ಮೆ ನಿಜವಿರಬಹುದು. ಆದರೆ ಎಷ್ಟೋ ಸಲ ಯಂತ್ರಕ್ಕೆ ವಯಸ್ಸೂ ಆಗಿರುವುದಿಲ್ಲ, ಹೊಟ್ಟೆಯೂ ತುಂಬಿರುವುದಿಲ್ಲ. ಅದು ಯಾರಿಗೋ ಕಾಯುತ್ತಿರುತ್ತದೆ. ಯಾರಿಗೆ ಎಂಬುದನ್ನು ತಿಳಿಯಬೇಕಾದರೆ ಗುಂಡಿ ಒತ್ತಿದ ಮೇಲೆ ಒಳಗೆ ನಡೆಯುವುದೇನೆಂದು ತುಸು ನೋಡಬೇಕು.

ಮೊದಲು ಎಚ್ಚರಗೊಳ್ಳುವುದು ಯಂತ್ರದ ಮುಖ್ಯ ಫಲಕದ, ಎಂದರೆ ಮದರ್‌ಬೋರ್ಡಿನ, ಮೇಲೆಯೇ ಬರೆದಿಟ್ಟ ಒಂದು ಚಿಕ್ಕ ಕಾರ್ಯಕ್ರಮ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದು ಹೆಸರು. ಮನೆಯೊಡತಿ ಬೆಳಿಗ್ಗೆ ಎದ್ದು ಒಲೆ, ನೀರು, ಹಾಲು ನೋಡಿಕೊಳ್ಳುವಂತೆ ಇದು ಯಂತ್ರದ ಭಾಗಗಳನ್ನೆಲ್ಲ ಒಮ್ಮೆ ನೋಡಿಕೊಂಡು ಮುಂದಿನ ಕೆಲಸವನ್ನು ಲಿನಕ್ಸ್, ವಿಂಡೋಸ್‌ನಂಥ ವ್ಯವಸ್ಥೆಯ ಕೈಗೆ ಒಪ್ಪಿಸುತ್ತದೆ. ಆ ವ್ಯವಸ್ಥೆ ಒಂದೊಂದೇ ಭಾಗವನ್ನು ಹೆಸರು ಹಿಡಿದು ಕರೆಯುತ್ತದೆ. ನೇರವಾಗಿ ಕರೆಯಲು ಬಾರದು. ಪ್ರತಿಯೊಂದು ಭಾಗದ ಭಾಷೆಯೂ ಬೇರೆ. ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿ ಕಾರ್ಯಕ್ರಮಕ್ಕೇ ಡ್ರೈವರ್ ಎಂದು ಹೆಸರು. ಊರಿನಿಂದ ಮೊದಲ ಸಲ ಈ ನಗರಕ್ಕೆ ಬಂದಿಳಿದ ಅಜ್ಜಿ ತರಕಾರಿಯವಳ ಜತೆ ಚೌಕಾಸಿ ಮಾಡಲು ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದಿಲ್ಲವೇ, ಹಾಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂಬ ಮಾತನ್ನು ಗಣಕಯಂತ್ರದವರು ಬಲ್ಲರೋ ಇಲ್ಲವೋ. ಅವರ ಯಂತ್ರದಲ್ಲಂತೂ ಅದು ಪ್ರತಿದಿನ ನಿಜವಾಗುತ್ತಿದೆ.

ಈಗ ಒಂದು ನಿಜವಾದ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ಹದಿನೈದು ಇಪ್ಪತ್ತು ವರ್ಷದ ಹಿಂದಿನ ಎಷ್ಟೋ ಮದರ್‌ಬೋರ್ಡುಗಳಲ್ಲಿ ಫ್ಲಾಪಿ ತಟ್ಟೆಯನ್ನು ನಡೆಸುವ ನಿಯಂತ್ರಕ ಅಂಟಿಕೊಂಡೇ ಬರುತ್ತಿತ್ತು. ಅದನ್ನು ಕಿತ್ತು ತೆಗೆಯುವಂತಿಲ್ಲ. ಆದರೆ ಆ ಹೊತ್ತಿಗಾಗಲೇ ಫ್ಲಾಪಿ ತಟ್ಟೆಯ ಕಾಲ ಮುಗಿಯುತ್ತ ಬಂದು, ಎಷ್ಟೋ ಯಂತ್ರಗಳಲ್ಲಿ ತಟ್ಟೆ ಓದುವ ಡ್ರೈವನ್ನೇ ಕೂಡಿಸುತ್ತಿರಲಿಲ್ಲ. ಬಯೋಸ್‌ನ ಕಾರ್ಖಾನೆಯ ದಾಖಲೆಯಲ್ಲಿ ಮಾತ್ರ "1.44 ಮೆಗಾಬೈಟಿನ ಫ್ಲಾಪಿ ಡ್ರೈವ್ ಇದೆ" ಎಂದೇ ಬರೆದಿರುತ್ತಿತ್ತು. ಯಂತ್ರ ಜೋಡಿಸಿದವನು ಜಾಣನಾದರೆ ಅದನ್ನು "ಇಲ್ಲ" ಎಂದು ತಿದ್ದುತ್ತಿದ್ದ. ಈ ತಿದ್ದುಪಡಿಯನ್ನು ನೆನಪಿನಲ್ಲಿಡುವುದು ನಾಣ್ಯದಾಕಾರದ, 3 ವೋಲ್ಟಿನ ಒಂದು ಬಿಲ್ಲೆ ಬ್ಯಾಟರಿ. ಕೆಲವು ವರ್ಷಗಳ ಮೇಲೆ ಬ್ಯಾಟರಿ ಸತ್ತಿತೆಂದರೆ ತಿದ್ದುಪಡಿ ಮರೆತುಹೋಗಿ, ಮೂಲ ದಾಖಲೆ ಮತ್ತೆ ಜೀವ ಪಡೆಯುತ್ತದೆ. ಯಾರೂ ಏನನ್ನೂ ಮುಟ್ಟಿರುವುದಿಲ್ಲ. ಯಂತ್ರ ಮಾತ್ರ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ.

ಅಂಥ ಯಂತ್ರದಲ್ಲಿ ಲಿನಕ್ಸ್ ಎದ್ದೇಳುವಾಗ ನಡೆಯುವುದು ಇಷ್ಟು. ಫ್ಲಾಪಿಯ ಡ್ರೈವರ್ ದಾಖಲೆಯನ್ನು ನೋಡುತ್ತದೆ. "ಇದೆ" ಎಂದು ಬರೆದಿದೆ. ತಟ್ಟೆಯ ಮೊದಲ ಭಾಗವನ್ನು ಓದಿ ತಿಳಿಸೆಂದು ನಿಯಂತ್ರಕವನ್ನು ಕೇಳುತ್ತದೆ. ಉತ್ತರವಿಲ್ಲ. ಕೆಲವು ಸೆಕೆಂಡು ಕಾದು ಮತ್ತೆ ಕೇಳುತ್ತದೆ. ಉತ್ತರವಿಲ್ಲ. ಮತ್ತೆ ಕಾಯುತ್ತದೆ. ಕೊನೆಗೆ "ಫ್ಲಾಪಿಯ ಶೂನ್ಯದ ಭಾಗವನ್ನು ಓದಲಾಗಲಿಲ್ಲ" ಎಂದು ದಿನಚರಿಯಲ್ಲಿ ಒಂದು ಸಾಲು ಬರೆದು ಕೈಬಿಡುತ್ತದೆ. ಸೆಕೆಂಡಿಗೆ ಇನ್ನೂರು ಮುನ್ನೂರು ಕೋಟಿ ಸಲ ಮಿಡಿಯುವ ಯಂತ್ರದ ಹೃದಯ ಅಷ್ಟು ಹೊತ್ತೂ ಇಲ್ಲದ ಒಂದು ತಟ್ಟೆಗಾಗಿ ಬಾಗಿಲಲ್ಲಿ ನಿಂತಿರುತ್ತದೆ. ತಂತಿಯ ಆ ತುದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಖಚಿತವಾಗಿ ತಿಳಿಯುವ ಏರ್ಪಾಟು ಫ್ಲಾಪಿಯ ಹಳೆಯ ಪದ್ಧತಿಯಲ್ಲಿ ಇರಲಿಲ್ಲ. 1996ರಲ್ಲಿ ಬಂದ ಯುಎಸ್‌ಬಿ ಪದ್ಧತಿಯಲ್ಲಿ ಹಾಗಲ್ಲ. ಬಂದ ಉಪಕರಣ ತಾನೇ ಒಂದು ತಂತಿಯ ವಿದ್ಯುತ್ ಒತ್ತಡವನ್ನು ಮೇಲೆತ್ತಿ "ನಾನು ಬಂದಿದ್ದೇನೆ" ಎಂದು ಬಾಗಿಲು ತಟ್ಟುತ್ತದೆ. ತಟ್ಟಿದ ಸದ್ದು ಬಾರದಿದ್ದರೆ ಯಾರೂ ಇಲ್ಲವೆಂದೇ ಅರ್ಥ.

ಈ ಕಾಯಿಲೆಯಲ್ಲಿ ತಪ್ಪು ಯಾರದು ಎಂದು ವಿಚಾರಣೆ ನಡೆಸಿ ನೋಡಿ. ನಿಯಂತ್ರಕ ಸುಳ್ಳು ಹೇಳಿಲ್ಲ. ಅದು ನಿಜವಾಗಿಯೂ ಅಲ್ಲಿದೆ. ಬಯೋಸ್ ತನ್ನ ಬಳಿ ಇದ್ದ ದಾಖಲೆಯನ್ನು ಹಾಗೆಯೇ ಒಪ್ಪಿಸಿದೆ. ಡ್ರೈವರ್ ತಾಳ್ಮೆಯಿಂದ ತನ್ನ ಕರ್ತವ್ಯ ಮಾಡಿದೆ. ವ್ಯವಸ್ಥೆ ತನ್ನ ದುಭಾಷಿಯನ್ನು ನಂಬಿದೆ. ಒಬ್ಬರಿಗಿಂತ ಒಬ್ಬರು ಪ್ರಾಮಾಣಿಕರು. ಆದರೂ ಮನೆಯವರೆಲ್ಲ ಕಾದು ಕುಳಿತಿದ್ದಾರೆ. ಕೆಟ್ಟವರಿಲ್ಲದೆಯೂ ಕೇಡು ನಡೆಯಬಹುದೆಂಬುದು ಇಲ್ಲಿ ನಾವು ಕಲಿಯಬೇಕಾದ ಮೊದಲ ಪಾಠ. ನಮ್ಮ ಸಿಟ್ಟಿಗೆ ಈ ಪಾಠ ರುಚಿಸುವುದಿಲ್ಲ. ಸಿಟ್ಟಿಗೆ ಯಾವಾಗಲೂ ಒಂದು ಮುಖ ಬೇಕು.

ಮುಖ ಹುಡುಕಿಕೊಡುವ ಉಪಾಯವನ್ನೂ ಗಣಕಯಂತ್ರದವರು ಮಾಡಿಟ್ಟಿದ್ದಾರೆ. 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಎಂಬ ಇಬ್ಬರು ಲಿನಕ್ಸ್ ಯಂತ್ರಗಳನ್ನು ಎಬ್ಬಿಸುವ ಹೊಸ ಕಾರ್ಯಕ್ರಮವೊಂದನ್ನು ಪ್ರಕಟಿಸಿದರು. ಅದರ ಹೆಸರು ಸಿಸ್ಟಮ್‌ಡಿ. ಎಬ್ಬಿಸುವಾಗ ಯಾರು ಎಷ್ಟು ಹೊತ್ತು ತೆಗೆದುಕೊಂಡರೆಂದು ತೋರಿಸುವ ಒಂದು ಆಜ್ಞೆಯೂ ಅದರಲ್ಲಿದೆ. ಆ ಆಜ್ಞೆಯ ಹೆಸರೇ "ಬ್ಲೇಮ್", ಅಂದರೆ ದೂಷಣೆ! ಅದನ್ನು ಕೊಟ್ಟರೆ ಹೆಚ್ಚು ಹೊತ್ತು ತೆಗೆದುಕೊಂಡವರಿಂದ ಹಿಡಿದು ಕಡಮೆ ತೆಗೆದುಕೊಂಡವರವರೆಗೆ ಪಟ್ಟಿ ಬರುತ್ತದೆ. ಎಲ್ಲ ಬಿಡಿಭಾಗಗಳೂ ನೆಲೆಗೊಳ್ಳುವವರೆಗೆ ಕಾಯುವುದೇ ಕೆಲಸವಾಗಿರುವ ಸೇವೆಯೊಂದಿದೆ. ಎಷ್ಟೋ ಯಂತ್ರಗಳಲ್ಲಿ ಪಟ್ಟಿಯ ತಲೆಯ ಮೇಲೆ ಕುಳಿತಿರುವುದು ಅದೇ. ಹೆಸರು ಕಂಡವರು ಆ ಸೇವೆಯನ್ನೇ ನಿಲ್ಲಿಸಲು ಹೊರಡುತ್ತಾರೆ. ಬಾಗಿಲು ಕಾಯುವವನನ್ನು ಕೆಲಸದಿಂದ ತೆಗೆದರೆ ಬರಬೇಕಾದವನು ಬೇಗ ಬಂದಾನೆಯೇ?

ಆ ಕಾರ್ಯಕ್ರಮದ ಕೈಪಿಡಿಯನ್ನು ಬರೆದವರು ಇದನ್ನು ಅರಿತಿದ್ದರು. ಈ ಪಟ್ಟಿ ದಾರಿ ತಪ್ಪಿಸಬಹುದು, ಏಕೆಂದರೆ ಒಬ್ಬ ತಡಮಾಡಿದ್ದು ಇನ್ನೊಬ್ಬನಿಗಾಗಿ ಕಾದದ್ದರಿಂದ ಇರಬಹುದು ಎಂಬ ಅರ್ಥದ ಎಚ್ಚರಿಕೆಯನ್ನು ಅಲ್ಲಿಯೇ ಬರೆದಿಟ್ಟಿದ್ದಾರೆ. ಅಷ್ಟೇ ಅಲ್ಲ, ಯಾರು ಯಾರಿಗಾಗಿ ಕಾದರೆಂಬ ಸರಪಳಿಯನ್ನು ಕೊಂಡಿಕೊಂಡಿಯಾಗಿ ತೋರಿಸುವ ಇನ್ನೊಂದು ಆಜ್ಞೆಯನ್ನೂ ಕೊಟ್ಟಿದ್ದಾರೆ. ಒಂದು ದೂಷಣೆಯ ಪಟ್ಟಿ, ಇನ್ನೊಂದು ಕಾಯುವಿಕೆಯ ಸರಪಳಿ. ಮೊದಲನೆಯದರಲ್ಲಿ ಸಿಗುವುದು ಹೆಸರು, ಎರಡನೆಯದರಲ್ಲಿ ಸಿಗುವುದು ಕಾರಣ. ನ್ಯಾಯ ಬೇಕಾದವರು ಎರಡನೆಯದನ್ನು ನೋಡಬೇಕು. ಆದರೆ ನಮ್ಮ ಕಚೇರಿಗಳಲ್ಲಿ, ಮನೆಗಳಲ್ಲಿ, ಸಂಘಸಂಸ್ಥೆಗಳಲ್ಲಿ ನಾವು ನೋಡುವುದು ಸಾಮಾನ್ಯವಾಗಿ ಮೊದಲನೆಯದನ್ನೇ.

ಕಚೇರಿಯೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ನಮ್ಮ ಕಡೆಯವರೇ ಆದ ಜವಾನರೊಬ್ಬರು ನಿವೃತ್ತರಾದರು. ಅವರ ಸೇವಾ ಪುಸ್ತಕದಲ್ಲಿ, ಹಿಂದೆ ಬೇರೊಂದು ಊರಿನ ಕಚೇರಿಯಲ್ಲಿದ್ದ ಹದಿನಾಲ್ಕು ತಿಂಗಳ ಸೇವೆಗೆ ದೃಢೀಕರಣವಿರಲಿಲ್ಲ. ಗುಮಾಸ್ತರು ಆ ಕಚೇರಿಗೆ ಪತ್ರ ಬರೆದರು. ಉತ್ತರವಿಲ್ಲ. ಜ್ಞಾಪನ ಕಳಿಸಿದರು, ಮತ್ತೊಂದು ಕಳಿಸಿದರು. ಉತ್ತರವಿಲ್ಲ. ತಿಂಗಳ ಕೊನೆಯ ಬಾಕಿ ಕಡತಗಳ ಪಟ್ಟಿಯಲ್ಲಿ ಮಾತ್ರ ಪ್ರತಿ ಸಲವೂ ಅದು ಈ ಗುಮಾಸ್ತರ ಹೆಸರಿನ ಮುಂದೆಯೇ ನಿಲ್ಲುತ್ತಿತ್ತು. ಮೇಲಿನವರು ಅವರಿಗೆ ಮೆಮೊ ಕೊಟ್ಟರು. ಜವಾನರು ಪ್ರತಿ ತಿಂಗಳೂ ಬಂದು, ಹಳೆಯ ಅಭ್ಯಾಸದಂತೆ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, "ಏನಾಯಿತು ಸ್ವಾಮಿ?" ಎಂದು ಕೇಳುತ್ತಿದ್ದುದೂ ಈ ಗುಮಾಸ್ತರನ್ನೇ. ಉತ್ತರ ಕೊಡದ ಕಚೇರಿಯ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಬಾಯಿ ತೆರೆಯದವನನ್ನು ಯಾರೂ ಪ್ರಶ್ನಿಸುವುದಿಲ್ಲ.

ಕೊನೆಗೊಂದು ದಿನ ಉತ್ತರ ಬಂತು. "ಆ ಅವಧಿಯ ದಾಖಲೆಗಳು ಈ ಕಚೇರಿಯಲ್ಲಿ ಲಭ್ಯವಿಲ್ಲ." ಇಷ್ಟೇ. ಮೊದಲ ವಾರದಲ್ಲಿಯೇ ಬರೆಯಬಹುದಾಗಿದ್ದ ಸಾಲು. ಓದುಗರು ಗಮನಿಸಬೇಕಾದದ್ದು ಇಲ್ಲಿದೆ: ಆ "ಇಲ್ಲ" ಬಂದ ಮೇಲೆ ಕೆಲಸ ನಿಲ್ಲಲಿಲ್ಲ, ಮುಂದೆ ಸಾಗಿತು! ದಾಖಲೆ ಇಲ್ಲವೆಂದು ತಿಳಿದರೆ ಬೇರೆ ಪುರಾವೆಗಳ ಆಧಾರದ ಮೇಲೆ ಸೇವೆಯನ್ನು ಒಪ್ಪಿಕೊಳ್ಳಲು ನಿಯಮಗಳಲ್ಲಿ ದಾರಿಯಿದೆ. ದಾರಿಯನ್ನು ಅಷ್ಟು ದಿನ ಮುಚ್ಚಿದ್ದು ದಾಖಲೆಯ ಅಭಾವವಲ್ಲ, ಉತ್ತರದ ಅಭಾವ.

ಗಣಕಯಂತ್ರದಲ್ಲಿಯೂ ಹೀಗೆಯೇ. "ನಾನಿಲ್ಲ" ಎಂದು ಥಟ್ಟನೆ ಹೇಳುವ ಬಿಡಿಭಾಗದಿಂದ ಒಂದು ಕ್ಷಣವೂ ತಡವಾಗುವುದಿಲ್ಲ. ವ್ಯವಸ್ಥೆ ಅದನ್ನು ಬಿಟ್ಟು ಮುಂದೆ ನಡೆಯುತ್ತದೆ. "ಇದ್ದೇನೆ" ಎನ್ನುವುದರಿಂದಲೂ ತೊಂದರೆಯಿಲ್ಲ. ಎಲ್ಲರನ್ನೂ ಕಟ್ಟಿಹಾಕುವುದು ಇದ್ದೂ ಮಾತನಾಡದ ಮೂರನೆಯದು. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನಿರಾಕರಣೆಗಿಂತ ನಿರುತ್ತರವೇ ದೊಡ್ಡ ಅಪರಾಧ. ಮಹಾಭಾರತದ ಸಭೆಯಲ್ಲಿ ದ್ರೌಪದಿ ಕೇಳಿದ್ದು ಒಂದು ಪ್ರಶ್ನೆ: ತನ್ನನ್ನು ತಾನೇ ಸೋತವನಿಗೆ ತನ್ನನ್ನು ಪಣವಿಡುವ ಅಧಿಕಾರವುಂಟೇ? ಹಿರಿಯರು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಧರ್ಮ ಸೂಕ್ಷ್ಮವೆಂದರು, ತಲೆ ತಗ್ಗಿಸಿದರು. ಕಿರಿಯನಾದ ವಿಕರ್ಣನೊಬ್ಬ ಎದ್ದು ಉತ್ತರ ಹೇಳಿದ. ದುಶ್ಶಾಸನನ ತಪ್ಪು ಎಲ್ಲರಿಗೂ ಕಾಣುತ್ತದೆ. ಆದರೆ ಆ ಸಭೆಯ ಮೌನವನ್ನು ಮಾತ್ರ ಇಂದಿಗೂ ನಮ್ಮ ಜನ ಕ್ಷಮಿಸಿಲ್ಲ.

ಕೆಲವರು ಕೇಳಬಹುದು: ಒಂದು ನಿಮಿಷ ಯಂತ್ರ ತಡವಾದರೆ ಅದಕ್ಕೆ ಪಾಪಪುಣ್ಯದ ಮಾತೇಕೆ? ಇದಕ್ಕೆ ಸಂಬಂಧಿಸಿದ ಕತೆಯೊಂದುಂಟು. 1983ರಲ್ಲಿ ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್ ಯಂತ್ರ ಸಿದ್ಧವಾಗುತ್ತಿದ್ದಾಗ ಸ್ಟೀವ್ ಜಾಬ್ಸ್ ಅವರು ಲ್ಯಾರಿ ಕೆನ್ಯನ್ ಎಂಬ ತಂತ್ರಜ್ಞರ ಬಳಿ ಬಂದು, ಯಂತ್ರ ಏಳುವ ಹೊತ್ತಿನಲ್ಲಿ ಇನ್ನೂ 10 ಸೆಕೆಂಡು ಉಳಿಸಬೇಕೆಂದರು. 50 ಲಕ್ಷ ಜನ ದಿನವೂ ಯಂತ್ರ ಹಚ್ಚಿದರೆ ದಿನಕ್ಕೆ 5 ಕೋಟಿ ಸೆಕೆಂಡು ಉಳಿಯುತ್ತದೆ, ವರ್ಷಕ್ಕೆ ಡಜನುಗಟ್ಟಲೆ ಮನುಷ್ಯರ ಆಯುಷ್ಯವೇ ಉಳಿಯುತ್ತದೆ ಎಂಬುದು ಅವರ ವಾದ. ಅದೇ ತಂಡದಲ್ಲಿದ್ದ ಆ್ಯಂಡಿ ಹರ್ಟ್ಸ್‌ಫೆಲ್ಡ್ ಇದನ್ನು ಬರೆದಿಟ್ಟಿದ್ದಾರೆ. ಬಿ.ಎಸ್ಸಿ. ಓದಿದ ಚಾಳಿಗೆ ನಾನೂ ಲೆಕ್ಕ ಹಾಕಿ ನೋಡಿದೆ. ದಿನಕ್ಕೆ 5 ಕೋಟಿ ಸೆಕೆಂಡೆಂದರೆ ಸುಮಾರು 578 ದಿನ. ವರ್ಷಕ್ಕೆ ಸುಮಾರು 578 ವರ್ಷ. ಮನುಷ್ಯನ ಆಯುಷ್ಯ 70 ಎಂದು ಹಿಡಿದರೆ ಎಂಟು ಜನರದಾಯಿತು, ಡಜನುಗಟ್ಟಲೆ ಆಗಲಿಲ್ಲ. ಇರಲಿ, ಎಂಟು ಆಯುಷ್ಯವೇನು ಕಡಮೆಯೇ?

ಆದರೆ ಈ ಲೆಕ್ಕವನ್ನು ನಾನು ಪೂರ್ತಿ ಒಪ್ಪಲಾರೆ. ಐವತ್ತು ಲಕ್ಷ ಜನ ಹತ್ತು ಹತ್ತು ಸೆಕೆಂಡು ಕಾದದ್ದೂ ಎಂಟು ಜನ ಸತ್ತದ್ದೂ ಒಂದೇ ಅಲ್ಲ. ಹತ್ತು ಸೆಕೆಂಡಿನಲ್ಲಿ ಒಬ್ಬ ಕಿಟಕಿಯಾಚೆ ನೋಡುತ್ತಾನೆ, ಇನ್ನೊಬ್ಬ ಕಾಫಿ ಗುಟುಕರಿಸುತ್ತಾನೆ. ಹಲವರ ಚೂರುಪಾರು ಹೊತ್ತನ್ನು ಕೂಡಿಸಿ ಒಂದು ಜೀವ ಮಾಡಲಾಗದು. ಆ ಲೆಕ್ಕದಲ್ಲಿ ನಿಜವಾಗಿ ಇರುವ ತಿರುಳು ಬೇರೆ. ತಡ ಮಾಡುವವನು ಒಬ್ಬ. ತಡವನ್ನು ಉಣ್ಣುವವರು ಹಲವರು. ಮಾಡುವವನಿಗೆ ಅದರ ಭಾರ ತಟ್ಟುವುದೇ ಇಲ್ಲ. ಫ್ಲಾಪಿಯ ನಿಯಂತ್ರಕಕ್ಕೆ ಕಾಯುವುದರ ಸಂಕಟವೆಲ್ಲಿದೆ? ಆ ದೂರದ ಕಚೇರಿಯವರು ಜವಾನರ ಚಪ್ಪಲಿಯನ್ನು ಕಂಡವರೇ? ತನ್ನ ತಡದ ಬೆಲೆಯನ್ನು ತಾನೇ ತೆರುವವನು ಬೇಗ ಕಲಿಯುತ್ತಾನೆ. ಬೇರೆಯವರು ತೆರುವಾಗ ಕಲಿಯುವುದಕ್ಕೆ ಕಾರಣವೇ ಇರುವುದಿಲ್ಲ. ಆದ್ದರಿಂದಲೇ ಇದು ಬರಿಯ ಯಂತ್ರದ ಪ್ರಶ್ನೆಯಾಗಿ ಉಳಿಯದೆ ನೀತಿಯ ಪ್ರಶ್ನೆಯಾಗುತ್ತದೆ.

ಇನ್ನು ಕಾಯುವವನ ಕಡೆಗೆ ಬರೋಣ. ಅವನ ಹೊಣೆ ಏನೂ ಇಲ್ಲವೇ? ಇದೆ. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಅವನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಸಿಸ್ಟಮ್‌ಡಿಯಲ್ಲಿ ಬೇರೆ ಏನೂ ಹೇಳದಿದ್ದರೆ ಈ ಮಿತಿ 90 ಸೆಕೆಂಡು. ಅಷ್ಟರೊಳಗೆ ಉತ್ತರ ಬಾರದಿದ್ದರೆ ಇಲ್ಲವೆಂದೇ ತಿಳಿದು ಮುಂದಿನ ಕ್ರಮ. ನಮ್ಮ ದೇಶದ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿಯೂ ಇದೇ ವಿವೇಕವಿದೆ. ಸಾಮಾನ್ಯವಾಗಿ 30 ದಿನಗಳಲ್ಲಿ ಅಧಿಕಾರಿ ಉತ್ತರ ಕೊಡಬೇಕು. ಕೊಡದಿದ್ದರೆ ನಿರಾಕರಿಸಿದನೆಂದೇ ಕಾಯ್ದೆ ಭಾವಿಸುತ್ತದೆ. ಅರ್ಜಿದಾರ ಮತ್ತೆ ಮತ್ತೆ ಬಾಗಿಲು ಬಡಿಯುತ್ತ ಕೂರಬೇಕಾಗಿಲ್ಲ, ನೇರವಾಗಿ ಮೇಲ್ಮನವಿಗೆ ಹೋಗಬಹುದು. ಸಕಾರಣವಿಲ್ಲದೆ ತಡ ಮಾಡಿದವನಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡವನ್ನೂ ಅದು ಇಟ್ಟಿದೆ. ಅಂದರೆ ಮೌನಕ್ಕೆ ಅರ್ಥವನ್ನೂ ಬೆಲೆಯನ್ನೂ ಕಟ್ಟಿದೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಮಿತಿಯನ್ನು ತೀರ ಕಡಮೆ ಮಾಡಿದರೆ ಇನ್ನೊಂದು ಅನ್ಯಾಯವಾಗುತ್ತದೆ. ಹಳೆಯ ಹಾರ್ಡ್‌ಡಿಸ್ಕು ನಿದ್ದೆಯಿಂದೆದ್ದು ವೇಗ ಹಿಡಿಯಲು ಹಲವು ಸೆಕೆಂಡು ಬೇಕು. ಅದು ಸೋಮಾರಿಯಲ್ಲ, ಅದರ ಸ್ವಭಾವವೇ ಅಷ್ಟು. ಅರ್ಧ ಸೆಕೆಂಡಿನಲ್ಲಿ ಉತ್ತರ ಬರಲಿಲ್ಲವೆಂದು ಅದನ್ನು ಕೈಬಿಟ್ಟರೆ ನಮ್ಮ ಫೋಟೋಗಳೂ ಪತ್ರಗಳೂ ಅದರೊಳಗೇ ಉಳಿದುಹೋಗುತ್ತವೆ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿಗೆ ಮಾತು ನಿಧಾನ. ಕೇಳಿದ್ದಕ್ಕೆ ತಕ್ಷಣ ಉತ್ತರ ಬಾರದು. ಅವರ ನಿಧಾನವನ್ನೂ ಉತ್ತರ ಕೊಡಲಾರೆನೆಂದು ಸುಮ್ಮನಿರುವವನ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುವುದೇ ಇಲ್ಲಿನ ಕಷ್ಟ.

ಈ ಕಷ್ಟಕ್ಕೆ ಗಣಕಯಂತ್ರದವರು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿತು. 2008ರಲ್ಲಿ ಇಂಟೆಲ್ ಕಂಪನಿಯ ಅರ್ಜನ್ ವಾನ್ ಡಿ ವೆನ್ ಮತ್ತು ಔಕೆ ಕಾಕ್ ಎಂಬವರು ಒಂದು ಅಗ್ಗದ ಪುಟ್ಟ ಯಂತ್ರವನ್ನು 5 ಸೆಕೆಂಡಿನಲ್ಲಿ ಎಬ್ಬಿಸಿ ತೋರಿಸಿದರು. ಅವರು ಮೊದಲು ಮಾಡಿದ್ದು, ಸಂಬಳ ಬಂದ ದಿನ ನಾವು ಮನೆಯಲ್ಲಿ ಮಾಡುವಂತೆ, ಬಜೆಟ್ಟು. ವ್ಯವಸ್ಥೆಯ ತಿರುಳಿಗೆ 1 ಸೆಕೆಂಡು, ಮೊದಲ ಸೇವೆಗಳಿಗೆ 1, ಚಿತ್ರ ಮೂಡಿಸುವುದಕ್ಕೆ 1, ಉಳಿದ ಅಂಗಳಕ್ಕೆ 2. ಎರಡನೆಯದಾಗಿ, ಒಬ್ಬರ ಬೆನ್ನ ಹಿಂದೆ ಒಬ್ಬರನ್ನು ನಿಲ್ಲಿಸುವ ಬದಲು ಒಂದನ್ನೊಂದು ಅವಲಂಬಿಸದವರನ್ನೆಲ್ಲ ಏಕಕಾಲಕ್ಕೆ ಕರೆದರು. ಮರುವರ್ಷ ಲಿನಕ್ಸ್‌ನ ತಿರುಳಿನಲ್ಲಿಯೇ ಇಂಥ ಏರ್ಪಾಟು ಸೇರಿತು. ನಿಧಾನವಾದ ಡಿಸ್ಕು ತನ್ನ ಹೊತ್ತು ತೆಗೆದುಕೊಳ್ಳಲಿ. ಅದಕ್ಕಾಗಿ ಧ್ವನಿಯ ಕಾರ್ಡಾಗಲಿ ಕೀಲಿಮಣೆಯಾಗಲಿ ನಿಲ್ಲಬೇಕಾಗಿಲ್ಲ. ನಿಧಾನಿಯನ್ನು ಗದರಿಸಲಿಲ್ಲ, ತಳ್ಳಲಿಲ್ಲ. ಅವನ ಹಿಂದೆ ಎಲ್ಲರನ್ನೂ ಸಾಲು ನಿಲ್ಲಿಸುವುದನ್ನಷ್ಟೇ ಬಿಟ್ಟರು. ಪಿಂಚಣಿಯ 1972ರ ನಿಯಮಗಳಲ್ಲಿಯೂ, ಅವುಗಳ ಜಾಗದಲ್ಲಿ ಬಂದ 2021ರ ನಿಯಮಗಳಲ್ಲಿಯೂ ತಾತ್ಕಾಲಿಕ ಪಿಂಚಣಿಯ ಅವಕಾಶವಿರುವುದು ಇದೇ ನ್ಯಾಯದಿಂದ: ಅಂತಿಮ ಲೆಕ್ಕ ಆಗುವಾಗ ಆಗಲಿ, ಅಲ್ಲಿಯವರೆಗೆ ಮನೆಯ ಒಲೆ ಉರಿಯಲಿ. ಆ ಜವಾನರ ಮನೆ ನಡೆದದ್ದೂ ಅದರಿಂದಲೇ.

ಈ ವಿಚಾರ ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಿಗೆ ಹೆಚ್ಚು ಹತ್ತಿರದ್ದೆಂದು ನನಗೆ ತೋರುತ್ತದೆ. ನಮ್ಮ ಬದುಕಿನಲ್ಲಿಯೂ ಕಿತ್ತು ತೆಗೆಯಲಾಗದಂತೆ ಅಂಟಿಕೊಂಡು ಬಂದ ಕೆಲವು ಭಾಗಗಳಿವೆ. "ಊರಿನಲ್ಲಿ ಒಂದು ಮಾತು ಕೇಳಬೇಕು" ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಮಗಳ ಮದುವೆಯಾಗಲಿ, ಪಾಲಿನ ಜಮೀನಾಗಲಿ, ಊರಿನ ಹಳೆಯ ಮನೆಯ ಮಾಡು ರಿಪೇರಿಯಾಗಲಿ, ನಾವು ಕೇಳಿ ಕಳಿಸುತ್ತೇವೆ. ಹಿಂದೆ ಕೇಳಿದ ಕೂಡಲೇ ಉತ್ತರ ಕೊಡುವ ಅಜ್ಜನೋ ದೊಡ್ಡಪ್ಪನೋ ಇದ್ದರು. ಈಗ ಅವರಿಲ್ಲ. ಇರುವ ದಾಯಾದಿಗಳು "ನೋಡೋಣ" ಎನ್ನುತ್ತಾರೆ, ಅಥವಾ ಫೋನೇ ಎತ್ತುವುದಿಲ್ಲ. ಅವರು ಕೆಟ್ಟವರೆಂದಲ್ಲ, ಇಲ್ಲವೆಂದರೆ ನಮಗೆ ನೋವಾದೀತೆಂಬ ಸಂಕೋಚ. ಇತ್ತ ನಾವು ವರ್ಷಗಟ್ಟಲೆ ಕಾಯುತ್ತೇವೆ. ಮಾಡು ಒಂದು ಮಳೆಗಾಲಕ್ಕೆ ಸೋರುತ್ತದೆ, ಮರು ಮಳೆಗಾಲಕ್ಕೆ ಬೀಳುತ್ತದೆ. ಮನೆಯಲ್ಲಿ ಮಾತ್ರ "ನೀವು ಗಂಡಸರಾಗಿ ಒಂದು ತೀರ್ಮಾನ ಮಾಡಲಾರಿರಿ" ಎಂದು ಹೆಂಡತಿಯೂ, "ಇವಳಿಗೆ ಊರಿನ ಕಷ್ಟ ತಿಳಿಯದು" ಎಂದು ಗಂಡನೂ ಒಬ್ಬರನ್ನೊಬ್ಬರು ದೂಷಿಸುತ್ತಾರೆ. ದೂಷಣೆಯ ಪಟ್ಟಿಯಲ್ಲಿ ಬರುವುದು ಯಾವಾಗಲೂ ಮನೆಯೊಳಗಿನ ಹೆಸರುಗಳೇ.

ಹೆಣ್ಣು ನೋಡಿ ಹೋದವರ ವಿಷಯ ಇನ್ನೂ ದೊಡ್ಡದು. "ಊರಿಗೆ ಹೋಗಿ ತಿಳಿಸುತ್ತೇವೆ" ಎಂದು ಉಪ್ಪಿಟ್ಟು ಕೇಸರಿಬಾತು ತಿಂದು ಎದ್ದವರು ಆಮೇಲೆ ಮಾತೇ ಆಡುವುದಿಲ್ಲ. ಅವರಿಗೆ ಒಪ್ಪಿಗೆಯಿಲ್ಲವೆಂಬುದು ಅಂದೇ ಸಂಜೆ ನಿಶ್ಚಯವಾಗಿರುತ್ತದೆ. ಆದರೆ "ಇಲ್ಲ" ಎಂಬ ಎರಡಕ್ಷರ ಬರೆಯುವುದು ನಿಷ್ಠುರವೆಂದು ಸುಮ್ಮನಿರುತ್ತಾರೆ. ಈ ಕಡೆ ಹುಡುಗಿಯ ತಂದೆ ಇನ್ನೊಂದು ಸಂಬಂಧಕ್ಕೆ ಮಾತು ಕೊಡಲಾರದೆ ತಿಂಗಳು ಕಾಯುತ್ತಾನೆ. ಸೌಜನ್ಯದ ಹೆಸರಿನಲ್ಲಿ ನಡೆಯುವ ಈ ಕ್ರೌರ್ಯಕ್ಕಿಂತ ನೇರವಾದ ನಿರಾಕರಣೆ ಎಷ್ಟೋ ದಯೆಯುಳ್ಳದ್ದು. ನಮ್ಮ ಸಂಘಸಂಸ್ಥೆಗಳಲ್ಲಿಯೂ ಸಭೆಗೆ ಬಾರದ, ರಾಜೀನಾಮೆಯನ್ನೂ ಕೊಡದ, ಸಹಿ ಮಾತ್ರ ತಮ್ಮದೇ ಬೇಕಾದ ಪದಾಧಿಕಾರಿಗಳು ಇಲ್ಲದಿಲ್ಲ. "ನನಗೆ ಇನ್ನು ಆಗುವುದಿಲ್ಲ" ಎಂದು ಹೇಳುವುದು ಅಪಮಾನವಲ್ಲ, ಅದೂ ಒಂದು ಸೇವೆ.

ಹಾಗೆಂದು ಉತ್ತರ ಬಾರದವರನ್ನೆಲ್ಲ ಬದುಕಿನಿಂದ ಕಿತ್ತೊಗೆಯಬೇಕೆಂದು ನಾನು ಹೇಳುತ್ತಿಲ್ಲ. ಫ್ಲಾಪಿಯ ನಿಯಂತ್ರಕವನ್ನು ಕಿತ್ತೊಗೆಯಲು ಹೋದರೆ ಮದರ್‌ಬೋರ್ಡೇ ಹಾಳಾದೀತು. ಅದಕ್ಕೆ ಮದ್ದು ಸರಳವಾದದ್ದು: ಬ್ಯಾಟರಿ ಬದಲಿಸಿ, ಬಯೋಸ್‌ನ ದಾಖಲೆಯಲ್ಲಿ "ಇದೆ" ಎಂಬುದನ್ನು "ಇಲ್ಲ" ಎಂದು ತಿದ್ದುವುದು, ಅಥವಾ ಆ ಡ್ರೈವರನ್ನು ಎಬ್ಬಿಸಬೇಡವೆಂದು ವ್ಯವಸ್ಥೆಗೆ ತಿಳಿಸುವುದು. ಅಂಗ ಅಲ್ಲಿಯೇ ಇರುತ್ತದೆ, ಅದರ ಮೇಲಿನ ನಿರೀಕ್ಷೆ ಮಾತ್ರ ಹೋಗುತ್ತದೆ. ಜಪಾನಿನಲ್ಲಿ ಸೋನಿ ಕಂಪನಿ 2011ರಲ್ಲಿ ಫ್ಲಾಪಿ ತಟ್ಟೆಗಳ ಮಾರಾಟವನ್ನೇ ನಿಲ್ಲಿಸಿತು. 2019ರಲ್ಲಿ ಲಿನಕ್ಸ್‌ನ ಜನಕರಾದ ಲಿನಸ್ ಟೊರ್ವಾಲ್ಡ್ಸ್ ಅವರು ಫ್ಲಾಪಿ ಡ್ರೈವರನ್ನು ಅನಾಥವೆಂದು ದಾಖಲಿಸಿದರು, ಪರೀಕ್ಷಿಸಿ ನೋಡಲು ಕೆಲಸ ಮಾಡುವ ಯಂತ್ರ ಸಿಗುವುದೇ ಕಷ್ಟವಾಗಿತ್ತು. ಡ್ರೈವರನ್ನು ಅವರು ಅಳಿಸಿಹಾಕಲಿಲ್ಲ. ಇದ್ದ ಸ್ಥಿತಿಯನ್ನು ಇದ್ದಂತೆ ಬರೆದರು. ಬೇಕಾದವರು ಬಂದು ವಹಿಸಿಕೊಳ್ಳಲಿ ಎಂದು ಬಾಗಿಲನ್ನೂ ತೆರೆದಿಟ್ಟರು. ನಂಟಸ್ತಿಕೆಯಲ್ಲಿಯೂ ಇಷ್ಟು ಸಾಧ್ಯ. ದಾಯಾದಿ ದಾಯಾದಿಯಾಗಿಯೇ ಇರಲಿ, ಹಬ್ಬಕ್ಕೆ ಹೋಗೋಣ, ಉಂಡು ಬರೋಣ. ಮಾಡಿನ ಹಂಚನ್ನು ಮಾತ್ರ ಅವನ ಉತ್ತರಕ್ಕೆ ಕಾಯದೆ ಹೊದಿಸೋಣ.

ತಡಕ್ಕೆ ಹೊಣೆ ಯಾರೆಂಬ ಪ್ರಶ್ನೆಗೆ ನನಗೆ ತಿಳಿದ ಉತ್ತರ ಹೀಗಿದೆ. ಕಣ್ಣಿಗೆ ಕಾಣುವವನ ಮೇಲೆ ಬರೆ ಹಾಕುವ ಮೊದಲು, ಅವನು ಯಾರಿಗಾಗಿ ಕಾಯುತ್ತಿದ್ದಾನೆಂದು ಒಮ್ಮೆ ಕೇಳಬೇಕು. ಆ ಕೊಂಡಿಯನ್ನು ಹಿಡಿದು ಹೋದರೆ ತುದಿಯಲ್ಲಿ ಬಹಳ ಸಲ ಸಿಗುವವನು ದುಷ್ಟನಲ್ಲ, ಬರಿಯ ನಿರುತ್ತರಿ. ಸರಪಳಿಯಲ್ಲಿ ಇರುವ ಪ್ರತಿಯೊಬ್ಬನಿಗೂ ಎರಡು ಕರ್ತವ್ಯಗಳಿವೆ. ತನ್ನನ್ನು ಕೇಳಿದವರಿಗೆ ಹೌದೆಂದೋ ಇಲ್ಲವೆಂದೋ ಹೊತ್ತಿಗೆ ಸರಿಯಾಗಿ ಹೇಳುವುದು ಒಂದು. ತಾನು ಕೇಳಿದವರಿಂದ ಉತ್ತರ ಬಾರದಿದ್ದರೆ, ತಕ್ಕಷ್ಟು ಕಾದು, ತನ್ನ ಹಿಂದಿನವರಿಗೆ ದಾರಿ ಬಿಡುವುದು ಇನ್ನೊಂದು. ನಮ್ಮಲ್ಲಿ ಹಲವರು ಮೊದಲನೆಯದನ್ನು ಬೇರೆಯವರಿಂದ ಬಯಸುತ್ತೇವೆ, ಎರಡನೆಯದನ್ನು ಮರೆತಿರುತ್ತೇವೆ.

ಈ ಸಂಚಿಕೆಯನ್ನು ಮಡಚಿಡುವ ಮುನ್ನ ಓದುಗರು ತಮ್ಮ ಮೇಜಿನ ಮೇಲೋ ಫೋನಿನಲ್ಲೋ ಉತ್ತರ ಕೊಡದೆ ಉಳಿದ ಒಂದು ಪತ್ರವನ್ನು ಹುಡುಕಿ ತೆಗೆದರೆ ಸಾಕು. "ಹೌದು" ಎನ್ನಲಾಗದಿದ್ದರೆ "ಇಲ್ಲ" ಎಂದಾದರೂ ಬರೆಯಿರಿ. ಎಲ್ಲಿಯೋ ಯಾರದೋ ಮನೆಯಲ್ಲಿ ನಿಂತುಹೋಗಿರುವ ಕೆಲಸ ಅದರಿಂದ ಮುಂದೆ ಸಾಗೀತು.